ಅಮ್ಮಾಜಮ್ಮನ ಬಲಗಾಲು

ಕೆಂಚಾರ್ಲಹಳ್ಳಿ
12 ಫೆಬ್ರವರಿ 2024

ಮಿತ್ರಮ್ಮಂಗೆ, ಆಸ್ಪತ್ರೇಲಿ ನಿನ್ನ ಪಕ್ಕದ ಮಂಚದಲ್ಲಿದ್ದ ಅಮ್ಮಾಜಮ್ಮ ಬರೆಯೋದು.

ನಮ್ಮನ್ನ ಬೆಂಗಳೂರಿಂದ ಕಳಿಸೋವಾಗ ಆ ಫಿಸಿಯೋ ಹುಡುಗಿ ಹೇಳಿದ್ದು ಜ್ಞಾಪಕ ಇದೆಯಾ? ಫೋನಲ್ಲಿ ಮಾತಾಡಿದ್ರೆ ಬಾಯಿಗೆ ವ್ಯಾಯಾಮ, ಕಾಗದ ಬರೆದ್ರೆ ಬೆರಳಿಗೆ ವ್ಯಾಯಾಮ, ಇಬ್ಬರೂ ಒಬ್ಬರಿಗೊಬ್ಬರು ಬರೀರಿ ಅಂತ. ಏಳನೇ ಕ್ಲಾಸಲ್ಲಿ ಬಿಟ್ಟ ಪೆನ್ನು ಈಗ ಹಿಡಿದಿದೀನಿ. ನಮ್ಮ ಸೊಸೆ ಕವಿತ ಅದಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದಾಳೆ. ಕಾಗೆಕಾಲು ಗುಬ್ಬಿಕಾಲು ಆಗಿದ್ರೆ ಟೀಚರಮ್ಮ ನೀನು ಕೆಂಪಿಂಕಲ್ಲಿ ತಿದ್ದಿ ಕಳಿಸಬೇಡ.

ಬಲಗಾಲು ಇನ್ನೂ ಪ್ಲಾಸ್ಟರಲ್ಲೇ ಇದೆ. ಸೊಂಟದ ಮೂಳೆ ಒಂಚೂರು ತೆಗೆದು, ಹಿಮ್ಮಡಿ ಹತ್ರ ಮೂರು ಕೀಲನ್ನ ಸೇರಿಸಿ ಬೆಸೆದಿದಾರೆ. ಒಳಗೆ ಸ್ಕ್ರೂ ಇದಾವೆ. ಆ ಕೀಲುಗಳು ಇನ್ನು ಆಡಲ್ಲ, ಆದ್ರೆ ನೋಯೋದೂ ಇಲ್ಲ ಅಂದ್ರು ಡಾಕ್ಟ್ರು. ಆಡದಿದ್ರೆ ಬೇಡ ಬಿಡು. ಪಾದ ನೆಟ್ಟಗೆ ಊರಿ, ಹುಳುಮನೇಲಿ ನಿಂತು ರೇಷ್ಮೆಹುಳಕ್ಕೆ ಸೊಪ್ಪು ಹಾಕೋಷ್ಟಾದ್ರೆ ನಂಗೆ ಅಷ್ಟೇ ಸಾಕು.

ಕಷ್ಟ ಏನಂದ್ರೆ, ಈ ಕಾಲು ನೆಲಕ್ಕೆ ತಾಗಿಸಂಗಿಲ್ಲ, ಊರುಗೋಲು ಹಿಡಿಯೋಕೆ ಕೈ ಬರಲ್ಲ. ಕಾಲಿಗೆ ಬಂದ ವಾತ ಮಣಿಕಟ್ಟನ್ನ ಬಿಟ್ಟಿದೆಯಾ? ಬಚ್ಚಲಿಗೆ ಹೋಗಬೇಕಂದ್ರೆ ಮಗ ರಮೇಶ್‌ಬಾಬು ಎತ್ಕೊಂಡು ಹೋಗ್ತಾನೆ. ಅವನ ಹೆಗಲಿಗೆ ಜೋತುಬಿದ್ದಾಗ ಕಣ್ಣು ಮುಚ್ಕೊಂಡುಬಿಡ್ತೀನಿ.

ನಿನ್ನ ಕೀಲೆಲ್ಲ ಉರೀತಿವೆ, ಅದು ಇಳಿಯೋ ತನಕ ಕಾಲಿಗೆ ಕತ್ತಿ ಇಡಲ್ಲ ಅಂತ ವಾಪಸ್ ಕಳಿಸಿದ್ರಲ್ಲ, ಅವತ್ತು ಗೋಡೆ ಕಡೆ ತಿರುಗಿ ಮಲಗಿದ್ದೆ ನೀನು. ನಿದ್ದೆ ಮಾಡ್ತಿರಲಿಲ್ಲ ಅಂತ ನಂಗೆ ಗೊತ್ತು. ಈಗ ಹೆಂಗಿದೀಯಮ್ಮ?

ಅಮ್ಮಾಜಮ್ಮ


ಮಂಚೇನಹಳ್ಳಿ
21 ಫೆಬ್ರವರಿ 2024

ದೊಡ್ಡಮ್ಮ,

ಹೀಗೆ ಕರೆಯಬಹುದಾ? ಕರೆದುಬಿಟ್ಟಿದ್ದೀನಿ.

ನಿಮ್ಮ ಅಕ್ಷರ ನಮ್ಮ ಮೂರನೇ ತರಗತಿ ಮಕ್ಕಳಿಗಿಂತ ಚೆನ್ನಾಗಿದೆ. ಈ ಕಾಗದವನ್ನು ಮೂರು ಸಲ ಕೂತು ಎದ್ದು ಬರೀತಿದ್ದೀನಿ. ಹೊಸ ಮಾತ್ರೆ ಕೊಟ್ಟ ಮೇಲೆ ಕೀಲಿನ ಉರಿ ಸ್ವಲ್ಪ ಇಳಿದಿದೆ. ಪಾದ ಮಾತ್ರ ಹಾಗೇ ಇದೆ. ಎರಡೂ ಕಾಲಿನ ಕಮಾನು ಕುಸಿದುಹೋಗಿದೆ, ಎಡಗಾಲಂತೂ ಹರಡಿನ ಗಂಟು ನೆಲಕ್ಕೆ ತಾಗೋ ಹಾಗೆ ಒಳಕ್ಕೆ ವಾಲಿದೆ. ನಮ್ಮನೆಯವರು ಭಾನುಪ್ರಕಾಶ್ ಗೌರಿಬಿದನೂರು ಡಿಪೋದಲ್ಲಿ ಬಸ್ ಮೆಕ್ಯಾನಿಕ್. ನನ್ನ ಚಪ್ಪಲಿ ತಿರುಗಿಸಿ ನೋಡಿ, "ವೀಲ್ ಅಲೈನ್‌ಮೆಂಟ್ ಹೋಗಿದೆ ಕಣೇ, ಟೈರು ಒಂದೇ ಕಡೆ ಸವೆದಿದೆ" ಅಂತಾರೆ. ನಗ್ತಾರೆ, ಆಮೇಲೆ ಎದ್ದು ಆಚೆ ಹೋಗಿ ಸ್ವಲ್ಪ ಹೊತ್ತು ಬರೋದೇ ಇಲ್ಲ. ಆಪರೇಷನ್ ಬೇಡ ಅನ್ನೋದು ಅವರ ಹಟ.

ಮೊನ್ನೆ ಊಟದ ಬಿಡುವಲ್ಲಿ ಹುಡುಗೀರು ಟೀಚರ್ ಆಟ ಆಡ್ತಿದ್ರು. ಟೀಚರ್ ಆದವಳು ಮೊಣಕಾಲು ಒಂದಕ್ಕೊಂದು ತಾಗಿಸಿ, ಎಡಗಾಲು ಎಳೀತಾ ಬೋರ್ಡಿನ ಹತ್ರ ಹೋದಳು. ಯಾರೂ ನಗಲಿಲ್ಲ ದೊಡ್ಡಮ್ಮ. ಅಣಕಿಸೋದಾಗಿದ್ರೆ ಬೈದುಬಿಡ್ತಿದ್ದೆ. ಟೀಚರ್ ಅಂದ್ರೆ ಹಾಗೇ ನಡೆಯೋದು ಅಂತ ಆ ಮಕ್ಕಳು ಅಂದ್ಕೊಂಡಿವೆ. ನಾನು ಕಿಟಕಿಯಿಂದ ಈಚೆ ಬಂದುಬಿಟ್ಟೆ.

ನೀವು ನಡೆದ ದಿನ ನನಗೆ ಬರೀರಿ. ಬೇರೆ ಯಾರ ಮಾತಿಗೂ ನನಗೆ ಧೈರ್ಯ ಬರ್ತಿಲ್ಲ. ನಿಮ್ಮ ಕಾಲು ಸರಿಹೋಯ್ತು ಅಂದ್ರೆ ನಾನೂ ಆಪರೇಷನ್ ಟೇಬಲ್ ಹತ್ತುತ್ತೀನಿ.

ಸಂಘಮಿತ್ರ


ಕೆಂಚಾರ್ಲಹಳ್ಳಿ
9 ಏಪ್ರಿಲ್ 2024

ಮಿತ್ರಮ್ಮ,

ಇವತ್ತು ಯುಗಾದಿ. ಕವಿತ ಹೋಳಿಗೆ ಬೇಯಿಸ್ತಾ ಇದಾಳೆ, ನಾನು ಕೂತಲ್ಲಿಂದಲೇ ಹೂರಣ ಹದ ಹೇಳಿದೆ.

ಪ್ಲಾಸ್ಟರ್ ಬಿಚ್ಚಿದ್ರು. ಪಾದದ ಮೇಲೆ ಕೈ ಆಡಿಸಿ ಆಡಿಸಿ ನೋಡಿದೆ ಕಣಮ್ಮ. ನಡುವೆ ಬಿಲ್ಲಿನಂಗೆ ಎದ್ದಿದೆ. ಮದುವೇಲಿ ನಮ್ಮತ್ತೆ ಕಾಲುಂಗುರ ತೊಡಿಸಿದಾಗ ಇದ್ದ ಪಾದ ಇದು. ಇಷ್ಟು ವರ್ಷ ಎಲ್ಲಿ ಹೋಗಿತ್ತೋ.

ನಡೀತಾ ಇದೀನಿ. ಮೊಣಕೈ ಊರೋ ವಾಕರ್ ಕೊಟ್ಟಿದಾರೆ, ಅದರಲ್ಲಿ ಪಡಸಾಲೆಯಿಂದ ಅಂಗಳದ ತನಕ ಹೋಗಿ ಬರ್ತೀನಿ. ನಮ್ಮ ಯಜಮಾನ್ರು ಮುನಿಶಾಮಪ್ಪನೋರು ನೋಡಿ, "ಇನ್ನೇನು ಓಡ್ತೀಯ ಬಿಡು" ಅಂದ್ರು. ರಮೇಶ್‌ಬಾಬು ಮಾತ್ರ ಪಾಪ, ಅದೂ ಇದೂ ಕೆಲಸ ಅಂತ ಚಿಂತಾಮಣಿಗೆ ಅಲೆದೂ ಅಲೆದೂ ಸೊರಗಿದಾನೆ.

ನೀನು ಹೆದರಬೇಡ. ಮಾತ್ರೆ ಬಿಡಬೇಡ.

ಅಮ್ಮಾಜಮ್ಮ


ಮಂಚೇನಹಳ್ಳಿ
18 ಏಪ್ರಿಲ್ 2024

ದೊಡ್ಡಮ್ಮ,

ನಿಮ್ಮ ಕಾಗದವನ್ನು ಅಡುಗೆಮನೇಲಿ ಜೋರಾಗಿ ಓದಿದೆ. "ನಡೀತಾ ಇದೀನಿ" ಅನ್ನೋ ಸಾಲು ಬಂದಾಗ ಇವರು ಸೌಟು ಕೆಳಗಿಟ್ಟರು. ಮತ್ತೊಂದು ಸಲ ಓದು ಅಂದರು. ಆಮೇಲೆ, "ಸರಿ, ನಿನ್ನಿಷ್ಟ" ಅಂದುಬಿಟ್ಟರು. ಬೇಡ ಬೇಡ ಅಂತಿದ್ದ ಮನುಷ್ಯ!

ಬೇಸಿಗೆ ರಜೆ ಶುರುವಾಗಿದೆ. ನಿಮ್ಮನ್ನು ನೋಡೋಕೆ ಬರ್ತೀನಿ. ಇವರು ಜೊತೆಗೆ ಬರ್ತಾರೆ, ಚಿಂತಾಮಣಿಯಲ್ಲಿ ಇಳಿದು ಆಟೋ ಮಾಡ್ಕೊಂಡರಾಯ್ತು. ಕೈವಾರಕ್ಕೆ ಹೋಗಬೇಕು ಅಂತ ನಮ್ಮಮ್ಮ ಗಂಗುಲಮ್ಮನೂ ಹೊರಟಿದಾರೆ. ನೀವು ಅಂಗಳದ ತನಕ ನಡೆಯೋದನ್ನು ಒಂದು ಸಲ ಕಣ್ಣಾರೆ ನೋಡಬೇಕು. ನೋಡಿದ ಮಾರನೇ ದಿನವೇ ಬೆಂಗಳೂರಿಗೆ ಹೋಗಿ ಆಪರೇಷನ್ನಿಗೆ ದಿನ ಕೇಳ್ತೀನಿ.

ಯಾವತ್ತು ಬರಲಿ?

ಸಂಘಮಿತ್ರ


ಕೆಂಚಾರ್ಲಹಳ್ಳಿ
6 ಮೇ 2024

ಮಿತ್ರಮ್ಮ,

ಈಗ ಬರಬೇಡ. ಹುಳು ಮೂರನೇ ಜ್ವರದಲ್ಲಿವೆ. ಪೊರೆ ಬಿಡೋ ಹೊತ್ತಲ್ಲಿ ಹೊರಗಿನೋರು ಮನೆಗೆ ಬಂದ್ರೆ ಆಗಿಬರಲ್ಲ, ರೋಗ ತಗುಲಿ ಹುಳು ಹೋಗ್ತವೆ ಅಂತ ಯಜಮಾನ್ರು ಯಾರನ್ನೂ ಬಿಡ್ತಿಲ್ಲ. ಆಮೇಲೆ ನೋಡಣ.

ನಾನು ಚೆನ್ನಾಗಿದೀನಿ.

ಅಮ್ಮಾಜಮ್ಮ


ಮಂಚೇನಹಳ್ಳಿ
14 ಮೇ 2024

ಶ್ರೀಮತಿ ಅಮ್ಮಾಜಮ್ಮನವರಿಗೆ,

ತಮ್ಮ ಪತ್ರ ತಲುಪಿತು. ಹೊರಗಿನವರು ಎಂಬ ಮಾತು ಅರ್ಥವಾಯಿತು.

ವಾರ್ಡಿಗೆ ಬಂದ ದಿನ ತಾವು ನನ್ನನ್ನು ಕೇಳಿದ ಮೊದಲ ಪ್ರಶ್ನೆ "ಯಾರ ಪೈಕಿ ನೀವು?" ಎಂದು. ಬೌದ್ಧರು ಎಂದಿದ್ದೆ. ತಾವು ಹೊದಿಕೆ ಸರಿಮಾಡಿಕೊಂಡು, ಆಮೇಲೆ ನನ್ನ ಡಬ್ಬಿಯ ಚಿತ್ರಾನ್ನ ತಿಂದಿರಿ. ಆಸ್ಪತ್ರೆಯಲ್ಲಿ ತಿನ್ನುವುದು ಬೇರೆ, ಮನೆಯೊಳಗೆ ಕರೆಯುವುದು ಬೇರೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು. ನಮ್ಮಪ್ಪ ಕೋನಪ್ಪನವರು ನಾಲ್ಕು ಹಳ್ಳಿಯ ಅಂಚೆ ಹಂಚಿದವರು. ಎಷ್ಟೋ ಮನೆಗಳಲ್ಲಿ ಅವರ ಕೈಯ ಕಾಗದ ಒಳಗೆ ಹೋಗುತ್ತಿತ್ತು, ಅವರು ಜಗಲಿಯ ಕೆಳಗೇ ನಿಂತಿರುತ್ತಿದ್ದರು.

ನನ್ನ ಆಪರೇಷನ್ ಜುಲೈನಲ್ಲಿ. ತಮ್ಮ ಕಾಲು ನೋಡಿಯೇ ಹೋಗಬೇಕೆಂದಿದ್ದೆ. ತಾವು ಬರೆದದ್ದೇ ಸಾಕು, ನಂಬಿದ್ದೇನೆ.

ಇಂತಿ,
ಸಂಘಮಿತ್ರ


ಕೆಂಚಾರ್ಲಹಳ್ಳಿ
23 ಮೇ 2024

ಮಿತ್ರಮ್ಮ,

ನಿನ್ನ ಕಾಗದ ಮೊದಲ ಸಲ ಓದಿದಾಗ ಅರ್ಥವೇ ಆಗಲಿಲ್ಲ. ಎರಡನೇ ಸಲ ಓದಿ ಮುಖ ಬೆಂಕಿ ಆಯ್ತು.

ಹುಳದ ವಿಷಯಕ್ಕೆ ಹೊರಗಿನೋರು ಅಂದ್ರೆ ಪಕ್ಕದ ಮನೆಯೋರೂ ಹೊರಗಿನೋರೇ ಕಣಮ್ಮ. ಆದ್ರೆ ನಮ್ಮನೇಲಿ ಅಂಥದ್ದೇನೂ ಇಲ್ಲ ಅಂತ ನಾನು ಬರೆಯಲ್ಲ. ಇದೆ. ಯಜಮಾನ್ರು ತೋಟದ ಆಳುಗಳಿಗೆ ಊಟ ಜಗಲಿ ಮೇಲೇ ಕೊಡೋದು, ಒಳಕ್ಕೆ ಕರೆಯಲ್ಲ. ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ. ನಿಂಗೆ ಬರಬೇಡ ಅಂದಿದ್ದು ಅದಕ್ಕಲ್ಲ. ಯಾಕೆ ಅಂತ ಈಗ ಕೇಳಬೇಡ.

ಜುಲೈ ಅಂತ ಬರೆದಿದೀಯ. ನಾನು ಹೇಳೋದನ್ನ ಡಾಕ್ಟ್ರ ಹತ್ರ ಬಿಡದೆ ಕೇಳು. ನಿನ್ನ ಚರ್ಮ ಹೆಂಗಿದೆ, ಗಾಯ ಮಾಯುತ್ತಾ ಅಂತ ನೋಡಿಸು. ಸ್ಟೆರಾಯ್ಡ್ ಮಾತ್ರೆ ಎಷ್ಟು ಇಳಿಸಬೇಕು, ವಾತದ ಸೂಜಿಮದ್ದು ಯಾವಾಗ ನಿಲ್ಲಿಸಬೇಕು, ಎಲ್ಲಾ ಕೇಳಿ ತಿಳ್ಕೊ. ಕಾಲು ನೆಲಕ್ಕೆ ಊರಬೇಡ ಅಂದ್ರೆ ಊರಲೇಬೇಡ. ಹೊಲಿಗೆ ಹತ್ರ ಬೆಂಕಿಕಡ್ಡಿ ಮೊನೆಯಷ್ಟು ಒದ್ದೆ ಕಂಡ್ರೂ ಅವತ್ತೇ ಹೋಗಿ ತೋರಿಸು, ನಾಳೆ ಅನ್ನಬೇಡ. ನಾಳೆ ಅಂದ್ರೆ ಕೆಟ್ಟೆ.

ಬೈದಾದ್ರೂ ಒಂದು ಕಾಗದ ಬರಿ.

ಅಮ್ಮಾಜಮ್ಮ


ಮಂಚೇನಹಳ್ಳಿ
3 ಸೆಪ್ಟೆಂಬರ್ 2024

ಅಮ್ಮಾಜಮ್ಮನವರಿಗೆ,

ಬರೆಯಬಾರದು ಅಂತಿದ್ದೆ. ಒಂದು ವಿಷಯ ತಿಳಿಯದೆ ಇರೋಕಾಗ್ತಿಲ್ಲ.

ಎಡಗಾಲಿನ ಆಪರೇಷನ್ ಆಯ್ತು. ಹೋದ ವಾರ ಎಕ್ಸ್‌ರೇಗೆ ಅಂತ ಬೆಂಗಳೂರಿಗೆ ಹೋಗಿದ್ದೆ. ವೀಲ್‌ಚೇರಲ್ಲಿ ಕೂರಿಸಿ ಪ್ಲಾಸ್ಟರ್ ರೂಮಿನ ಓಣೀಲಿ ತಳ್ಕೊಂಡು ಹೋಗ್ತಿದ್ರು. ಎದುರಿಗೆ ಇನ್ನೊಂದು ವೀಲ್‌ಚೇರ್ ಬಂತು. ಬಲಗಾಲಿಗೆ ದಪ್ಪ ಬ್ಯಾಂಡೇಜು, ಅದು ಹಳದಿಯಾಗಿ ನೆಂದಿತ್ತು. ಪಾದ ಹೊರಕ್ಕೆ ತಿರುಚಿಕೊಂಡಿತ್ತು. ಕೂತಿದ್ದ ಹೆಂಗಸು ನನ್ನನ್ನು ಕಂಡ ತಕ್ಷಣ ಸೆರಗು ಮುಖಕ್ಕೆ ಎಳ್ಕೊಂಡರು. ಸೆರಗು ಹಿಡಿದ ಬೆರಳು ನನಗೆ ಗೊತ್ತು. ವಾರ್ಡಿನಲ್ಲಿ ಎಣ್ಣೆ ಹಚ್ಚಿ ನೀವಿದ್ದೀನಿ ಆ ಬೆರಳನ್ನು.

"ನಿಲ್ಸಿ, ತಿರುಗಿಸಿ" ಅಂತ ಕೂಗಿದೆ. ತಳ್ಳೋರಿಗೆ ಕೇಳಿಸಲಿಲ್ಲವೋ, ಕ್ಯೂ ಹೋಗುತ್ತೆ ಅಂತಲೋ, ನಿಲ್ಲಿಸಲಿಲ್ಲ. ನಾನೇ ಚಕ್ರ ತಿರುಗಿಸೋಣ ಅಂದ್ರೆ ಮಣಿಕಟ್ಟಲ್ಲಿ ಬಲ ಇಲ್ಲ. ಅವರ ಕೈಲೂ ಇರಲಿಲ್ಲ. ಇಬ್ಬರನ್ನೂ ಯಾರೋ ಒಂದೊಂದು ದಿಕ್ಕಿಗೆ ತಳ್ಕೊಂಡು ಹೋದರು. ಅವರ ಕಡೆಯ ಲಿಫ್ಟಿನ ಬಾಗಿಲು ಮುಚ್ಚಿತು.

ಬಂದ ಮೇಲೆ ನಿಮ್ಮ ಮಗನ ನಂಬರಿಗೆ ಫೋನ್ ಮಾಡಿದೆ. "ಅಮ್ಮ ಮಲಗಿದಾರೆ" ಅಂದರು. ಮತ್ತೆ ಮಾಡಿದೆ, ಆಗಲೂ ಮಲಗಿದಾರೆ ಅಂದರು.

ಅದು ನೀವೇನಾ?

ಸಂಘಮಿತ್ರ


ಕೆಂಚಾರ್ಲಹಳ್ಳಿ
17 ಸೆಪ್ಟೆಂಬರ್ 2024

ಮಿತ್ರಮ್ಮ,

ನಾನೇ.

ಪ್ಲಾಸ್ಟರ್ ಬಿಚ್ಚಿದಾಗಲೇ ಹೊಲಿಗೆ ತುದಿ ಒದ್ದೆ ಇತ್ತು. ಬಿಲ್ಲಿನಂಗೆ ಎದ್ದ ಪಾದ ನೋಡೋ ಸಂತೋಷದಲ್ಲಿ ಅದನ್ನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲಿಲ್ಲ, ನಾನೂ ಇಟ್ಕೊಳ್ಳಲಿಲ್ಲ. ಯುಗಾದಿ ಹೊತ್ತಿಗೆ ಕೀವು. ಅಂಗಳದ ತನಕ ನಡೆದೆ ಅಂತ ಬರೆದಿದ್ದು ಸುಳ್ಳು. ರಮೇಶ್‌ಬಾಬು ಚಿಂತಾಮಣಿಗೆ ಅಲೀತಿದ್ದಿದ್ದು ನನ್ನನ್ನೇ ಡ್ರೆಸಿಂಗ್‌ಗೆ ಕರ್ಕೊಂಡು. ಇಷ್ಟು ವರ್ಷ ನುಂಗಿದ ಮಾತ್ರೆಗೆ ಚರ್ಮ ಈರುಳ್ಳಿ ಸಿಪ್ಪೆ ಆಗಿದೆ, ಕೂಡ್ಕೊಳ್ಳಲ್ಲ ಅಂತಾರೆ. ಕೀವು ಮೂಳೆಗೆ ಇಳೀತು. ಸ್ಕ್ರೂ ತೆಗೆದ್ರು. ಮೂಳೆ ಬೆಸೆದಿರಲಿಲ್ಲ. ಪಾದ ಮತ್ತೆ ವಾಲಿ, ಮೊದಲಿಗಿಂತ ಕೆಟ್ಟದಾಗಿ ಕೂತಿದೆ.

ಕೀವು ಇರೋವರೆಗೂ ವಾತದ ಮದ್ದು ಕೊಡಂಗಿಲ್ಲವಂತೆ. ಮದ್ದಿಲ್ಲದೆ ಭುಜ, ಮೊಣಕಾಲು, ದವಡೆ ಎಲ್ಲಾ ಉರೀತಿವೆ. ಮದ್ದು ಕೊಟ್ರೆ ಕೀವು ಏರುತ್ತೆ. ಡಾಕ್ಟ್ರು ಕೆಟ್ಟೋರಲ್ಲಮ್ಮ. ನನ್ನ ಮುಂದೆ ಕುರ್ಚಿ ಎಳ್ಕೊಂಡು ಕೂತು, "ಏನು ಮಾಡಲಿ ಹೇಳಿ ಅಮ್ಮ" ಅಂತ ನನ್ನೇ ಕೇಳಿದ್ರು.

ನಿನಗೆ ಹೇಳಬೇಕು ಅಂತ ಎಷ್ಟು ಸಲ ಪೆನ್ನು ಹಿಡಿದೆನೋ. ಹೇಳಿದ್ರೆ ಹೆದರಿ ಆಪರೇಷನ್ನೇ ಬಿಡ್ತೀಯ, ವಯಸ್ಸಿನ ಹುಡುಗಿ, ಬಾಳೆಲ್ಲಾ ಕಾಲು ಎಳೀತೀಯ. ಹೇಳದೆ ನಿಂಗೂ ಹಿಂಗೇ ಆದ್ರೆ ಆ ಪಾಪ ನಂದು. ಅವಳಿಗೂ ಹಿಂಗಾಗುತ್ತಾ ಸ್ವಾಮಿ ಅಂತ ಡಾಕ್ಟ್ರನ್ನ ಕೇಳಿದೆ. "ಒಬ್ಬೊಬ್ಬರ ಕಾಲು ಒಂದೊಂದು ಥರ" ಅಂದ್ರು. ಅಷ್ಟು ಇಟ್ಕೊಂಡು ನಾನೇನು ತೀರ್ಮಾನ ಮಾಡಲಿ? ನೀನು ಬಂದು ನೋಡಿದ್ರೆ ಗೊತ್ತಾಗುತ್ತೆ ಅಂತ ಬರಬೇಡ ಅಂದೆ.

ನಿನ್ನ ಕಾಲು ಕೂಡ್ಕೊಂತಾ? ಅದೊಂದು ಹೇಳಿಬಿಡು.

ಅಮ್ಮಾಜಮ್ಮ


ಮಂಚೇನಹಳ್ಳಿ
4 ಅಕ್ಟೋಬರ್ 2024

ಅಮ್ಮಾಜಮ್ಮನವರೇ,

ಕೂಡಿಕೊಂಡಿದೆ. ಈ ಸಲದ ಎಕ್ಸ್‌ರೇ ನೋಡಿ "ಚೆನ್ನಾಗಿ ಬೆಸೆದಿದೆ" ಅಂದರು. ಭಾನುಪ್ರಕಾಶ್ ಎಲ್ಲರೆದುರಿಗೆ ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ.

ನಾನು ನಿಮ್ಮ ಕಾಲನ್ನು ನಂಬಿ ಟೇಬಲ್ ಹತ್ತಿದವಳು. ಮೈ ನನ್ನದು, ಹೆದರೋದೂ ಹೆದರದೇ ಇರೋದೂ ನನಗೆ ಬಿಟ್ಟಿದ್ದು. ಅದನ್ನು ನೀವು ನನ್ನ ಕೈಯಿಂದ ತೆಗೆದುಕೊಂಡಿರಿ. ನನ್ನ ಕಾಲು ಸರಿಹೋಯಿತಲ್ಲ ಅಂತ ನೀವು ಅನ್ನಬಹುದು. ಹೋಗದೇ ಇದ್ದಿದ್ದರೆ?

ಇನ್ನೊಂದು. ನೀವು ಕೀವಿನ ಕಾಲು ಇಟ್ಟುಕೊಂಡು ನರಳೋವಾಗ ನಾನು ಇಲ್ಲಿ ಜಾತಿ ಅಂತ ಉರಿದು ನಿಮ್ಮನ್ನು ಬೈದು ಬರೀತಿದ್ದೆ. ಮೇ ತಿಂಗಳಲ್ಲಿ ನಾನು ಇನ್ನೂ ಕುಂಟಿಕೊಂಡಾದರೂ ಬಸ್ ಹತ್ತಬಹುದಿತ್ತು. ಪಕ್ಕದಲ್ಲಿ ಕೂರಬಹುದಿತ್ತು. ಅದನ್ನೂ ಕಿತ್ತುಕೊಂಡಿರಿ.

ಈಗ ಏನು ಬರೆಯಬೇಕೋ ತಿಳೀತಿಲ್ಲ. ಸ್ವಲ್ಪ ದಿನ ಬರೆಯಲ್ಲ.

ಸಂಘಮಿತ್ರ


ಕೆಂಚಾರ್ಲಹಳ್ಳಿ
20 ಜನವರಿ 2025

ಮಿತ್ರಮ್ಮ,

ಕವಿತ ಕೈಲಿ ಬರೆಸ್ತಿದೀನಿ. ಬೆರಳು ಮಡಿಸಕ್ಕಾಗ್ತಿಲ್ಲ.

ನೀನು ಬರೆದಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ನಾನು ಅದಕ್ಕೆ ಜವಾಬು ಹೇಳಲ್ಲ.

ಹೋದ ವಾರ ಕಡೇ ಸಲ ತೋರಿಸ್ಕೊಂಡು ಬಂದ್ವಿ. ಕೀವು ನಿಂತಿದೆ, ಗಾಯ ಹೆಂಗೋ ಮುಚ್ಚಿದೆ. ಇನ್ನೊಂದು ಸಲ ಬೆಸೆಯಕ್ಕಾಗಲ್ಲವಂತೆ, ಆ ಚರ್ಮ ಮತ್ತೆ ಕತ್ತಿ ತಡೆಯಲ್ಲ. "ಇನ್ನು ಮಾಡೋದೇನೂ ಉಳಿದಿಲ್ಲ ಅಮ್ಮ, ಕುರ್ಚೀಲಿ ಇರಿ" ಅಂದ್ರು. ರಮೇಶ್‌ಬಾಬು ಅವರ ಮೇಲೆ ಕೂಗಾಡಿದ. ನಾನೇ ಸುಮ್ಮನಿರಿಸಿದೆ. ಕೂಗಿದ್ರೆ ಮೂಳೆ ಕೂಡ್ಕೊಳ್ಳುತ್ತಾ?

ಹುಳು ಗೂಡು ಕಟ್ಟಿ, ಶಿಡ್ಲಘಟ್ಟದ ಮಾರ್ಕೆಟ್ಟಿಗೂ ಹೋದ್ವು. ಈ ಸಲ ನಾನು ಒಂದು ಎಲೆ ಹಾಕಲಿಲ್ಲ. ಸೊಪ್ಪು ತಿನ್ನೋ ಸದ್ದು ಮಾತ್ರ ಗೋಡೆ ಆಚೆಯಿಂದ ಕೇಳಿಸ್ತಿತ್ತು.

ನೀನು ನೆಟ್ಟಗೆ ನಡಿ. ನಾನು ಚೆನ್ನಾಗೇ ಇದೀನಿ.

ಅಮ್ಮಾಜಮ್ಮ

ಅಕ್ಕ, ಇದು ಕವಿತ. ಈ ಸಾಲುಗಳನ್ನ ಅತ್ತೆಗೆ ಓದಿ ಹೇಳಿಲ್ಲ. ಅತ್ತೆ ಚೆನ್ನಾಗಿಲ್ಲ. ಬಚ್ಚಲಿಗೆ ಎತ್ಕೊಂಡು ಹೋಗಬೇಕಾಗುತ್ತೆ ಅಂತ ನೀರು ಕುಡಿಯೋದೇ ಬಿಟ್ಟಿದಾರೆ. ಗಂಜಿ ಕೊಟ್ರೆ ಬಾಯಿ ಮುಚ್ಕೊತಾರೆ. ಬೈದ್ವಿ, ಬೇಡ್ಕೊಂಡ್ವಿ. ಮಾವ ಪಕ್ಕದಲ್ಲಿ ಕೂತು ಅಳ್ತಾರೆ ಅಷ್ಟೇ, ಅವರಿಗೂ ತೋಚ್ತಿಲ್ಲ. ನಿಮ್ಮ ಹೆಸರು ಹೇಳಿದ್ರೆ ಮಾತ್ರ ಕಣ್ಣು ಬಿಟ್ಟು ನೋಡ್ತಾರೆ.


ಮಂಚೇನಹಳ್ಳಿ
27 ಜನವರಿ 2025

ದೊಡ್ಡಮ್ಮ,

ಕವಿತ, ಇದನ್ನು ಅತ್ತೆಗೆ ಜೋರಾಗಿ ಓದಮ್ಮ.

ನಾನು ಶಾಲೆಗೆ ಹೋಗ್ತಿದ್ದೀನಿ. ಎಡಗಾಲು ಪೂರ್ತಿ ನೆಲಕ್ಕೆ ಕೂರುತ್ತೆ. ಬಲಗಾಲು ಇನ್ನೂ ವಾಲಿಕೊಂಡೇ ಇದೆ, ಅದಕ್ಕೂ ಮಾಡಿಸಿ ಅಂದಿದ್ದಾರೆ. ಹೂಂ ಅನ್ನೋಕೂ ಆಗ್ತಿಲ್ಲ, ಬೇಡ ಅನ್ನೋಕೂ ಆಗ್ತಿಲ್ಲ. ಈ ವಾತ ಯಾವ ಕೀಲನ್ನು ಬಿಡುತ್ತೆ, ಯಾವುದನ್ನು ಹಿಡಿಯುತ್ತೆ ಅಂತ ನಮ್ಮನ್ನು ಕೇಳಲ್ಲ. ಒಂದೇ ಡಾಕ್ಟರು, ಒಂದೇ ಥರದ ಸ್ಕ್ರೂ, ನಿಮ್ಮದು ಹೋಯಿತು, ನನ್ನದು ನಿಂತಿತು. ಯಾಕೆ ಅಂತ ಬೋರ್ಡಿನ ಮುಂದೆ ನಿಂತಾಗೆಲ್ಲ ಕೇಳ್ಕೋತೀನಿ. ನೆಟ್ಟಗೆ ನಿಲ್ಲೋದಕ್ಕೇ ನಾಚಿಕೆ ಆಗುತ್ತೆ.

ಕೋಪ ಹೋಯ್ತು ಅಂತ ಸುಳ್ಳು ಹೇಳಲ್ಲ. ಸ್ವಲ್ಪ ಇದೆ. ಅದನ್ನೂ ಎತ್ಕೊಂಡೇ ಬರ್ತೀನಿ, ನಿಮ್ಮೆದುರಿಗೆ ಕೂತು ಬೈತೀನಿ. ಬೈಸ್ಕೊಳ್ಳೋಕಾದ್ರೂ ನೀವು ನೀರು ಕುಡಿದಿರಬೇಕು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡ್ತೀವಿ, ನಾನೂ ಇವರೂ. ನನ್ನಿಂದ ನಿಮ್ಮ ಕಾಲಿಗೆ ಏನೂ ಮಾಡಕ್ಕಾಗಲ್ಲ. ನಿಮ್ಮನ್ನು ಎತ್ತಿ ಬಚ್ಚಲಿಗೆ ಕರ್ಕೊಂಡು ಹೋಗೋಣ ಅಂದ್ರೆ ನನ್ನ ಕೈಗೆ ಒಂದು ಕೊಡ ಎತ್ತೋ ಶಕ್ತಿ ಇಲ್ಲ. ಬಂದು ಪಕ್ಕದಲ್ಲಿ ಕೂತ್ಕೋತೀನಿ, ಅಷ್ಟೇ.

ಯಜಮಾನರಿಗೂ ಹೇಳಿ, ನಾನು ಬರ್ತಿದ್ದೀನಿ ಅಂತ. ನೀವು ಬಾಗಿಲ ತನಕ ಬರೋಕೆ ಒದ್ದಾಡಬೇಡಿ. ನಾನೇ ಒಳಕ್ಕೆ ಬರ್ತೀನಿ.

ಮಿತ್ರ